ಗವರ್ನರ್ 'ಪರ್ಫಾರ್ಮೆನ್ಸ್'ಗೆ ಹಾಕಿದರೆ ಮುಗಿಯಿತಾ?

ನಮಸ್ಕಾರ. ಇವತ್ತು ಸ್ವಲ್ಪ ಜಗಳದ ವಿಷಯ.

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಪ್ರಾಜೆಕ್ಟ್ ಸೀಸನ್ ಬಂತೆಂದರೆ ಲಿನಕ್ಸ್ ಓಡುವ ಸಣ್ಣ ಬೋರ್ಡ್‌ಗಳು ಎಲ್ಲರ ಕೈಯಲ್ಲೂ ಇರುತ್ತವೆ. ಬೋರ್ಡ್ ಬೂಟ್ ಆದ ತಕ್ಷಣ ಹುಡುಗರು ಮಾಡುವ ಕೆಲಸ, ಸಿಪಿಯು ಗವರ್ನರನ್ನು, ಅಂದರೆ ಸಿಪಿಯು ಎಷ್ಟು ವೇಗದಲ್ಲಿ ಓಡಬೇಕೆಂದು ನಿರ್ಧರಿಸುವ ಲಿನಕ್ಸ್ ಭಾಗವನ್ನು, ಸದಾ ಗರಿಷ್ಠ ವೇಗ ಕೇಳುವ 'ಪರ್ಫಾರ್ಮೆನ್ಸ್'ಗೆ ಹಾಕುವುದು. "ಒಂದು ಗಿಗಾಹರ್ಟ್ಜ್‌ಗೆ ದುಡ್ಡು ಕೊಟ್ಟಿದ್ದೀವಲ್ಲ ಸಾರ್, ಪೂರ್ತಿ ಓಡಲಿ ಬಿಡಿ." ಆಮೇಲೆ ಅದನ್ನೇ ತಗಡಿನ ಡಬ್ಬಿಯಲ್ಲಿಟ್ಟು, ಚನ್ನಗಿರಿ ಕಡೆಯ ಅಡಿಕೆ ತೋಟದ ಮೋಟರ್ ಪಕ್ಕ ಕೂರಿಸುತ್ತಾರೆ. ಏಪ್ರಿಲ್ ಬಿಸಿಲು, ಫ್ಯಾನ್ ಇಲ್ಲ.

ಈ ಲೆಕ್ಕ ತಪ್ಪು. ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಬೋರ್ಡ್ ತೆಗೆದುಕೊಳ್ಳಿ. ಅದರ ಎಎಂ335ಎಕ್ಸ್ ಚಿಪ್ 600 ಮೆಗಾಹರ್ಟ್ಜ್‌ಗೆ 1.1 ವೋಲ್ಟ್ ಕೇಳುತ್ತದೆ, 1000ಕ್ಕೆ 1.325 ವೋಲ್ಟ್. ಬೋರ್ಡಿನ ಹಾರ್ಡ್‌ವೇರ್ ವಿವರವನ್ನು ಲಿನಕ್ಸ್‌ಗೆ ಹೇಳುವ ಡಿವೈಸ್ ಟ್ರೀಯಲ್ಲೇ ಈ ಪಟ್ಟಿ ಇದೆ, ತೆರೆದು ನೋಡಿ. ಚಿಪ್ ದುಡಿಯುವಾಗ ಎಳೆಯುವ ಪವರ್ ಕ್ಲಾಕ್ (ಮೆಗಾಹರ್ಟ್ಜ್ ವೇಗ) ಜೊತೆ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ಗುಣಿಸಿ ನೋಡಿದರೆ, ವೇಗ ಸಿಕ್ಕಿದ್ದು 1.67 ಪಟ್ಟು, ಪವರ್ ಹೋದದ್ದು ಸುಮಾರು 2.4 ಪಟ್ಟು. ಅದೇ ಕೆಲಸಕ್ಕೆ ಶೇ. 45ರಷ್ಟು ಜಾಸ್ತಿ ಶಕ್ತಿ! ಮೋಟರ್ ಆನ್ ಆಫ್ ಮಾಡೋಕೆ ಇದು ಬೇಕಾ?

"ಕೆಲಸ ಇಲ್ಲದಾಗ ಸಿಪಿಯು ಹೇಗೂ ನಿದ್ದೆ ಮಾಡುತ್ತದಲ್ವಾ" ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಮಾಡುತ್ತದೆ. ಆದರೆ ವೋಲ್ಟೇಜ್ ಮೇಲೇ ನಿಂತಿರುತ್ತದೆ, ಲೀಕೇಜ್, ಅಂದರೆ ಕೆಲಸವಿಲ್ಲದಿದ್ದರೂ ಚಿಪ್‌ನಲ್ಲಿ ಸೋರುವ ಕರೆಂಟ್, ನಿಲ್ಲುವುದಿಲ್ಲ. ಚಿಪ್ ಬಿಸಿಯಾದಷ್ಟೂ ಲೀಕೇಜ್ ಇನ್ನೂ ಹೆಚ್ಚುತ್ತದೆ. ಹಾಗೆಯೇ, ವೋಲ್ಟೇಜ್ ಇಳಿಯದೆ ಬರೀ ಕ್ಲಾಕ್ ಇಳಿಸಿದರೆ ದೊಡ್ಡ ಉಳಿತಾಯವೇನೂ ಇಲ್ಲ. ಅದೇ ಕೆಲಸ ನಿಧಾನಕ್ಕೆ ಆಗುತ್ತದೆ, ಅಷ್ಟೇ.

ರಾಸ್ಪ್‌ಬೆರಿ ಪೈ 4 ಎಂಬ ಇನ್ನೊಂದು ಬೋರ್ಡಿನ ಕಥೆ ಇನ್ನೂ ಚೆನ್ನಾಗಿದೆ. ಚಿಪ್ 80 ಡಿಗ್ರಿ ದಾಟಿದರೆ ನಿಮ್ಮ ಗವರ್ನರ್ ಏನೇ ಹೇಳಲಿ, ಬೋರ್ಡಿನ ಒಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ತಾನೇ ವೇಗ ಇಳಿಸುತ್ತದೆ. ನೀವು ಕೇಳಿದ ಸ್ಪೀಡ್ ಸಿಗುವುದಿಲ್ಲ, ಬಿಸಿ ಮಾತ್ರ ಸಿಗುತ್ತದೆ.

ನಾನು ಹೇಳುವುದು ಇಷ್ಟು: ಮೇಲಿನ ಮಿತಿ ಹಾಕಿ, ಉಳಿದದ್ದನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಬಿಡಿ. ಕರ್ನೆಲ್ ಸೆಟ್ಟಿಂಗ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಸ್ಕೇಲಿಂಗ್ ಮ್ಯಾಕ್ಸ್ ಫ್ರೀಕ್ (scaling_max_freq) ಎಂಬ ಫೈಲ್ ಇದೆ. ಅಲ್ಲಿ ಬರೆಯುವುದು ಕಿಲೋಹರ್ಟ್ಜ್, ಹಾಗಾಗಿ 600 ಮೆಗಾಹರ್ಟ್ಜ್ ಅಂದರೆ 600000. ಬರೀ 600 ಬರೆದು ಬೋರ್ಡ್ ನಿಧಾನ ಅಂತ ಬೈಯಬೇಡಿ! ರೀಬೂಟ್ ಆದರೆ ಅದು ಅಳಿಸಿಹೋಗುತ್ತದೆ, ಬೂಟ್ ಆದಾಗಲೆಲ್ಲ ಅದನ್ನು ಮತ್ತೆ ಬರೆಯುವಂತೆ ಸಿಸ್ಟಮ್‌ಡಿಯಲ್ಲಿ ಸರ್ವೀಸ್ ಮಾಡಿಡಿ. ಗವರ್ನರ್ ಸ್ಕೆಡ್‌ಯುಟಿಲ್ ಇರಲಿ. 2016ರ 4.7 ಕರ್ನೆಲ್‌ನಿಂದ ಇದು ಇದೆ, ಎಷ್ಟು ಕೆಲಸ ಬಂದಿದೆ ಅನ್ನುವುದನ್ನು ಸಿಪಿಯುಗೆ ಕೆಲಸ ಹಂಚುವ ಶೆಡ್ಯೂಲರ್‌ನಿಂದಲೇ ತಿಳಿದುಕೊಳ್ಳುತ್ತದೆ. ವೇಗವನ್ನು ನಾವೇ ಹೇಳಬೇಕಾದ 'ಯೂಸರ್‌ಸ್ಪೇಸ್' ಗವರ್ನರ್ ಹಾಕಿ, ಸೆಕೆಂಡಿಗೊಮ್ಮೆ ಲೋಡ್ ನೋಡುವ ಶೆಲ್ ಸ್ಕ್ರಿಪ್ಟ್ ಬರೆಯುವುದು ಸುಮ್ನೆ ತಲೆನೋವು. ಸ್ಕ್ರಿಪ್ಟ್ ಎದ್ದು ನೋಡುವಷ್ಟರಲ್ಲಿ ಕೆಲಸವೇ ಮುಗಿದಿರುತ್ತದೆ.

ಟೈಮಿಂಗ್ ಬಿಗಿಯಾಗಿರಬೇಕಾದ ಕಡೆ, ಉದಾಹರಣೆಗೆ ರಿಯಲ್ ಟೈಮ್ ಕಂಟ್ರೋಲ್‌ನಲ್ಲಿ, ಕ್ಲಾಕ್ ಒಂದೇ ಕಡೆ ನಿಲ್ಲಿಸುವುದು ಸರಿ. ವೇಗ ಬದಲಾಗುವಾಗಿನ ವಿಳಂಬ ಅಲ್ಲಿ ಬೇಡ. ಆದರೆ ಅಲ್ಲೂ ಗರಿಷ್ಠಕ್ಕೇ ನಿಲ್ಲಿಸಬೇಕೆಂದೇನಿಲ್ಲ. ಮಿನ್ ಮತ್ತು ಮ್ಯಾಕ್ಸ್ ಎರಡನ್ನೂ 600000ಕ್ಕೆ ಕೂರಿಸಿ, ಡಬ್ಬಿ ಮುಚ್ಚಿ, ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿಟ್ಟು, ಚಿಪ್‌ನ ಬಿಸಿ ತೋರಿಸುವ ಥರ್ಮಲ್ ಝೋನ್ ಫೈಲ್ ನಿಮ್ಮ ಬೋರ್ಡ್‌ನಲ್ಲಿ ಇದ್ದರೆ ಅದನ್ನು ಓದಿ. ಅಲ್ಲಿ 80000 ಕಂಡರೆ 80 ಡಿಗ್ರಿ. ಆಗ ಸಾಫ್ಟ್‌ವೇರ್ ಬಿಡಿ, ಮೊದಲು ಡಬ್ಬಿಗೆ ತೂತು ಕೊರೆಯಿರಿ.