ನಳದ ಹತ್ತಿರ ಬಂದ ಜೇನು

ಓಣಿಯ ಹಿರಿಯರಿಗೆ, ಅಕ್ಕತಂಗಿಯರಿಗೆ, ಹಿಂದೆ ಕೂತಿರುವ ಹುಡುಗರಿಗೆ ನಮಸ್ಕಾರ.

ಇವತ್ತು ಮೇ 20, ವಿಶ್ವ ಜೇನುನೊಣ ದಿನ. ವಿಶ್ವಸಂಸ್ಥೆ 2017ರಲ್ಲಿ ಇದನ್ನು ಗೊತ್ತುಮಾಡಿತು. ಆದರೆ ನೀವು ನನ್ನನ್ನು ಕರೆದದ್ದು ಅದಕ್ಕಲ್ಲ, ಅಲ್ವಾ? ನಳಕ್ಕೆ ಜೇನುಹುಳ ಮುತ್ತುತ್ತಿವೆ, ಪಾತ್ರೆ ತಿಕ್ಕೋಕೆ ಆಗ್ತಿಲ್ಲ, ಮಕ್ಕಳನ್ನು ಅಂಗಳಕ್ಕೆ ಬಿಡೋಕೆ ಹೆದರಿಕೆ ಅಂದಿರಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕೊಪ್ಪಳದ ಬಿಸಿಲಿನ ಬಗ್ಗೆ ನಿಮಗೆ ನಾನು ಹೇಳಬೇಕಿಲ್ಲ. 40 ಡಿಗ್ರಿ ದಾಟಿದ ದಿನ ನಾವೇ ಒದ್ದಾಡುತ್ತೇವೆ. ಜೇನುಗೂಡಿನಲ್ಲಿ ಮರಿಗಳಿರುತ್ತವೆ. ಅವಕ್ಕೆ ಸುಮಾರು 35 ಡಿಗ್ರಿ ಬೇಕು. ಅದಕ್ಕಿಂತ ತುಂಬಾ ಜಾಸ್ತಿಯಾದರೆ ಸಾಯುತ್ತವೆ. ಅದಕ್ಕೇ ಹುಳಗಳು ನೀರು ಹೊತ್ತು ತರುತ್ತವೆ. ಗೂಡಿನಲ್ಲಿದ್ದ ಹುಳಗಳು ಅದನ್ನು ಕೋಣೆಗಳ ಮೇಲೆ ತೆಳ್ಳಗೆ ಸವರಿ ರೆಕ್ಕೆ ಬೀಸುತ್ತವೆ. ನಾವು ಕೂಲರಿಗೆ ನೀರು ತುಂಬುತ್ತೇವಲ್ಲ, ಅದೇ ಕೆಲಸ.

ನಮ್ಮ ಮನೆಯ ಕುಡಿಯುವ ನೀರಿನ ಮಡಕೆಗೆ ಹಸಿ ಗೋಣಿ ಸುತ್ತಿರುತ್ತೇನೆ. ಮೊನ್ನೆ ಮಧ್ಯಾಹ್ನ ಒಂದು ಹುಳ ಗೋಣಿಯ ಎಳೆ ಹಿಡಿದು ತಲೆಕೆಳಗಾಗಿ ಕೂತಿತ್ತು. ನಾಲಗೆ ಚಾಚಿ ತೇವ ಹೀರುತ್ತಿತ್ತು. ಹೊಟ್ಟೆ ಸಣ್ಣಗೆ ಹಿಗ್ಗಿ ಕುಗ್ಗುತ್ತಿತ್ತು. ನನ್ನ ಮುಖ ಒಂದು ಗೇಣು ದೂರದಲ್ಲಿತ್ತು, ಅದು ಕದಲಲಿಲ್ಲ. ಸಾಕಷ್ಟು ಕುಡಿದು, ಭಾರವಾಗಿ ಎದ್ದು, ಲಿಂಬೆ ಗಿಡದ ಕಡೆ ಹೋಯಿತು. ನೀರಿಗೆ ಬಂದ ಹುಳಕ್ಕೆ ಅಲ್ಲಿ ಕಾಯಬೇಕಾದ ಗೂಡು ಇರುವುದಿಲ್ಲ. ತುಳಿದರೆ, ಒತ್ತಿದರೆ ಚುಚ್ಚುತ್ತದೆ. ಅದಕ್ಕೇ ಹಸಿ ನೆಲದಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡಬಾರದು.

ಹಾಗಾದರೆ ಏನು ಮಾಡಬೇಕು? ನಳದಿಂದ ದೂರ, ನೆರಳಿನಲ್ಲಿ, ಒಂದು ಮಣ್ಣಿನ ಬೋಗುಣಿ ಇಡಿ. ಒಳಗೆ ಕಲ್ಲು ಹರಡಿ, ಕಲ್ಲಿನ ತಲೆ ಮುಳುಗದಷ್ಟು ನೀರು ಹಾಕಿ. ಬರೀ ನೀರಿದ್ದರೆ ಹುಳ ಬಿದ್ದು ಸಾಯುತ್ತವೆ. ಜತೆಗೆ ಸೋರುವ ನಳದ ವಾಷರ್ ಬದಲಿಸಿ. ಇವು ಒಮ್ಮೆ ಕಂಡ ಜಾಗ ಮರೆಯುವುದಿಲ್ಲ, ಹೊಸ ಜಾಗಕ್ಕೆ ಒಗ್ಗೋಕೆ ಕೆಲವು ದಿನ ಬೇಕು. ನಡುವೆ ಒಂದು ದಿನ ಬೋಗುಣಿ ಒಣಗಿದರೂ ಮತ್ತೆ ನಳಕ್ಕೇ ಬರುತ್ತವೆ.

ಎರಡನೆಯದು, ಗೂಡು. ಗೂಡು ಕಂಡ ಕೂಡಲೇ ಸೀಮೆಎಣ್ಣೆ, ಬೆಂಕಿ ಅಂತ ಓಡಬೇಡಿ. ಯಾವ ಜೇನು ಅಂತ ಮೊದಲು ನೋಡಿ. ಹಳೆಯ ಕಲ್ಲುಗೋಡೆಯ ಸಂದಿಯಲ್ಲಿ ಅಂಟಿನ ಸಣ್ಣ ಕೊಳವೆ ಕಂಡರೆ ಅದು ಮುಜಂಟಿ. ಅದಕ್ಕೆ ಚುಚ್ಚುವ ಮುಳ್ಳೇ ಇಲ್ಲ, ಸುಮ್ನೆ ಬಿಟ್ಟುಬಿಡಿ. ಗೋಡೆಯ ತೂತಿನಲ್ಲಿ, ಮೀಟರ್ ಡಬ್ಬಿಯಲ್ಲಿ ಸಾಲಾಗಿ ಹಲವು ಹಲ್ಲೆ, ಅಂದರೆ ಮೇಣದ ತಟ್ಟಿ, ಕಟ್ಟುವುದು ತುಡುವೆ. ಅದನ್ನು ಸಾಕುವವರು ಬಂದು ಪೆಟ್ಟಿಗೆಗೆ ಇಳಿಸಿಕೊಳ್ಳಬಹುದು.

ಲಿಂಬೆ, ದಾಳಿಂಬೆ ಗಿಡದ ಕಡ್ಡಿಗೆ ಅಂಗೈ ಅಗಲದ ಒಂದೇ ಹಲ್ಲೆ ಕಟ್ಟಿದ್ದರೆ ಅದು ಕೋಲುಜೇನು. ನನಗೆ ತುಂಬಾ ಇಷ್ಟದ ಹುಳ. ಹಲ್ಲೆಯ ಮೇಲ್ಭಾಗ ಕಡ್ಡಿಯ ಸುತ್ತ ಚಪ್ಪಟೆಯಾಗಿರುತ್ತದೆ. ಹೂವು ಕಂಡು ಬಂದ ಹುಳ ಅಲ್ಲಿ ನಿಂತು, ಹೂವಿರುವ ದಿಕ್ಕಿಗೇ ನೇರ ಓಡುತ್ತಾ ಮೈ ಅಲುಗಿಸಿ ಕುಣಿಯುತ್ತದೆ. ಉಳಿದವು ಅದನ್ನು ತಿಳಿದುಕೊಂಡು ಹಾರುತ್ತವೆ. ಜೇನಿನ ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ಅಂಥ ಕುಣಿತ ನಮ್ಮ ಹಿತ್ತಲಲ್ಲೇ ನಡೆಯುತ್ತದೆ. ಎರಡು ಮಾರು ದೂರ ನಿಂತು ನೋಡಿ. ಗಿಡ ಅಲ್ಲಾಡಿಸಬೇಡಿ, ಅಷ್ಟೇ.

ಹೆಜ್ಜೇನಿನ ಮಾತು ಬೇರೆ. ನೀರಿನ ಟ್ಯಾಂಕಿನ ಕೆಳಗೆ, ಆನೆಗೊಂದಿ ಕಡೆಯ ಬಂಡೆಗಳಲ್ಲಿ ತೂಗುವ ದೊಡ್ಡ ಹಲ್ಲೆ ಅದರದು. ಅಗಲ ಒಂದು ಮೀಟರಿನವರೆಗೂ ಇರುತ್ತದೆ. ಇದರ ಹತ್ತಿರ ಯಾರೂ ಧೈರ್ಯ ತೋರಿಸಬೇಡಿ. ಕೆಲವು ವರ್ಷದ ಹಿಂದೆ ನಾನಿದ್ದ ಊರಿನಲ್ಲಿ ಹಗಲುಹೊತ್ತು ಟ್ಯಾಂಕಿನ ಕೆಳಗೆ ಹೊಗೆ ಹಾಕಿದರು. ಹೊಗೆ ಹಾಕಿದವರು ಓಡಿ ಪಾರಾದರು. ಕಟ್ಟೆಯ ಮೇಲೆ ಕೂತಿದ್ದ ಅಜ್ಜನಿಗೆ ಓಡೋಕೆ ಆಗಲಿಲ್ಲ. ಆಸ್ಪತ್ರೆಯಲ್ಲಿ ಹಲವು ದಿನ ಇದ್ದು ಉಳಿದರು. ಊದಿಕೊಂಡ ಆ ಮುಖ ನನಗಿನ್ನೂ ಮರೆತಿಲ್ಲ. ಹೂವು ಮುಗಿದರೆ ಹೆಜ್ಜೇನು ತಾನೇ ಹಲ್ಲೆ ಬಿಟ್ಟು ವಲಸೆ ಹೋಗುತ್ತದೆ. ಕಾಯೋಕೆ ಆಗದ ಜಾಗವಾದರೆ ತಿಳಿದವರನ್ನೇ ಕರೆಸಿ. ರಾತ್ರಿ ದೀಪಕ್ಕೆ ಹುಳ ಬಂದರೆ ಮನೆಯ ಹೊರಗಿನ ದೀಪ ಆರಿಸಿ.

ಎದ್ದು ಬಂದರೆ? ಕೈ ಬೀಸಬೇಡಿ, ಹೊಡೆಯಬೇಡಿ. ಚುಚ್ಚಿದ ಹುಳದಿಂದ ಮಾಗಿದ ಬಾಳೆಹಣ್ಣಿನಂಥ ವಾಸನೆ ಹೊರಡುತ್ತದೆ, ಅದು ಉಳಿದವನ್ನು ಕರೆಯುತ್ತದೆ. ಮುಖ ಮುಚ್ಚಿಕೊಂಡು ಓಡಿ, ಮನೆಯೊಳಗೆ ಹೋಗಿ ಬಾಗಿಲು ಹಾಕಿ. ಬಾವಿಗೆ, ಕಾಲುವೆಗೆ ಹಾರಬೇಡಿ. ಹುಳಗಳು ಮೇಲೆ ಕಾಯುತ್ತಿರುತ್ತವೆ.

ಮುಳ್ಳು ಚರ್ಮದಲ್ಲಿ ಉಳಿದು, ವಿಷದ ಚೀಲ ಇನ್ನೂ ಒತ್ತುತ್ತಲೇ ಇರುತ್ತದೆ. ಸುಣ್ಣ ಹುಡುಕುತ್ತಾ ಹೊತ್ತು ಕಳೆಯಬೇಡಿ. ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ, ತೊಳೆಯಿರಿ, ತಣ್ಣೀರು ಬಟ್ಟೆ ಹಾಕಿ. ಒಂದೇ ಹುಳ ಚುಚ್ಚಿದರೂ ತುಟಿ ನಾಲಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಅದು ಅಲರ್ಜಿ. ತಕ್ಷಣ 108ಕ್ಕೆ ಫೋನ್ ಮಾಡಿ. ತುಂಬಾ ಹುಳ ಚುಚ್ಚಿದವರು ಆರಾಮ ಅನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ವಿಷ ಆಮೇಲೆ ಕಿಡ್ನಿಗೆ ಹೊಡೆಯಬಹುದು.

ಹೊಲ ಇರುವ ಅಣ್ಣಂದಿರಿಗೆ ಒಂದು ಮಾತು. ಜೇನು ಕಡಿಮೆಯಾದರೆ ಸೂರ್ಯಕಾಂತಿ ತೆನೆಯಲ್ಲಿ ಜೊಳ್ಳು ಜಾಸ್ತಿಯಾಗುತ್ತದೆ. ಹೂವಿದ್ದಾಗ ಔಷಧಿ ಹೊಡೆಯದಿರುವುದೇ ಒಳ್ಳೆಯದು. ಹೊಡೆಯಲೇಬೇಕೆಂದರೆ ಹೊತ್ತು ಮುಳುಗಿದ ಮೇಲೆ ಹೊಡೆಯಿರಿ. ಬೆಳಿಗ್ಗೆ ಆ ಹೂವಿಗೆ ಬರುವುದು ನಿಮ್ಮ ನಳದಲ್ಲಿ ನೀರು ಕುಡಿದ ಹುಳವೇ ಇರಬಹುದು.

ಹೊರಗೆ ಜಗುಲಿಯ ಮೇಲೆ ಹತ್ತು ಬೋಗುಣಿ ತಂದಿಟ್ಟಿದ್ದೇನೆ. ಯಾರ ಮನೆಯ ನಳಕ್ಕೆ ಹುಳ ಬರುತ್ತವೆಯೋ ಅವರು ಒಂದೊಂದು ಒಯ್ಯಿರಿ. ಕಲ್ಲು ಮಾತ್ರ ನೀವೇ ಆರಿಸಿಕೊಳ್ಳಬೇಕು.