ರೇಟ್ ಮೊದಲು ಹೇಳ್ರಪ್ಪಾ!

ಹೋದ ವಿಡಿಯೋ ಕೆಳಗೆ ಒಬ್ರು ಬರ್ದಿದಾರೆ, ಕಾಂಪಿಟಿಷನ್ ಇದ್ದಿದ್ದಕ್ಕೇ 56ಕೆ ಮೋಡೆಮ್ (ಫೋನ್ ಲೈನಲ್ಲಿ ಇಂಟರ್ನೆಟ್ ತರೋ ಡಬ್ಬ, ಸೆಕೆಂಡಿಗೆ 56 ಕಿಲೋಬಿಟ್ ಸ್ಪೀಡ್‌ದು) ಬೇಗ ಬಂತು, ಪೇಟೆಂಟ್ ಇಲ್ದಿದ್ರೆ ಯಾರ್ ಕಂಡುಹಿಡೀತಿದ್ರು ಅಂತ. ಅಲ್ಲಾ ಮಾರಾಯ್ರೇ, ಪೇಟೆಂಟ್ ಬೇಡ ಅಂದ್ನಾ ನಾನು? ಎಲ್ಲಾ ಕಂಪನಿಗಳೂ ಪಾಲಿಸ್ಬೇಕಾದ ಸ್ಟ್ಯಾಂಡರ್ಡ್ ಒಳಗೆ ನಿಮ್ಮ ಪೇಟೆಂಟ್ ತಂದು ಕೂರಿಸ್ತೀರಾ, ಲೈಸೆನ್ಸ್ ರೇಟ್ ಮೊದ್ಲೇ ಹೇಳಿ. ಅಷ್ಟೇ ಕೇಳಿದ್ದು.

1997ರ ಕಥೆ ನೋಡಿ. ಒಂದಕ್ಕೊಂದು ಹೊಂದದ ಎರಡು 56ಕೆ ಟೆಕ್ನಾಲಜಿ: ಈ ಕಡೆ ಯುಎಸ್ ರೊಬೊಟಿಕ್ಸ್ ಕಂಪನಿಯ ಎಕ್ಸ್2, ಆ ಕಡೆ ರಾಕ್‌ವೆಲ್, ಲೂಸೆಂಟ್ ಸೇರ್ಕೊಂಡು ಮಾಡಿದ ಕೆ56ಫ್ಲೆಕ್ಸ್. ಎರಡು ಡಬ್ಬದ ಮೇಲೂ 56ಕೆ ಅಂತಾನೇ ಇರೋದು, ಆದ್ರೆ ನಿಮ್ಮತ್ರ ಎಕ್ಸ್2 ಇದ್ದು ಇಂಟರ್ನೆಟ್ ಕೊಡೋ ಕಂಪನಿ (ಐಎಸ್‌ಪಿ) ಹತ್ರ ಫ್ಲೆಕ್ಸ್ ಇತ್ತೋ, ಎರಡೂ ಕಿರುಚಾಡಿ ಕಿರುಚಾಡಿ ಕೊನೆಗೆ ಹಳೇ ಸ್ಟ್ಯಾಂಡರ್ಡ್ ವಿ.34ಗೆ ಇಳಿದು 33.6 ಕಿಲೋಬಿಟ್ ಒಳಗೇ ಏದುಸಿರು ಬಿಡ್ತಿದ್ವು. ದಂಡ ಯಾರಿಗೆ? ಡಬ್ಬ ಕೊಂಡೋನಿಗೆ.

1998ರಲ್ಲಿ ಅಂತರರಾಷ್ಟ್ರೀಯ ಟೆಲಿಕಾಂ ಸಂಸ್ಥೆ ಐಟಿಯು ಎಲ್ರಿಗೂ ಒಂದೇ ಸ್ಟ್ಯಾಂಡರ್ಡ್ ಅಂತ ವಿ.90 ತಂತಲ್ಲ, ಜಗಳ ಮುಗೀತಲ್ಲ ಅಂತೀರಾ? ಎಲ್ಲಿ ಮುಗೀತು! 56ಕೆ ಹಿಂದೆ ಬ್ರೆಂಟ್ ಟೌನ್ಸೆಂಡ್ ಅನ್ನೋ ಸಂಶೋಧಕರ ಪೇಟೆಂಟ್‌ಗಳಿದ್ವು, ಅವ್ರು ರಾಕ್‌ವೆಲ್ ಮೇಲೆ ಕೇಸ್ ಜಡಿದ್ರು. ಎಲ್ರೂ ಮೋಡೆಮ್ ಮಾಡಿ ಮಾರ್ತಿರೋವಾಗ ಕೋರ್ಟು. ನ್ಯಾಯವಾದ ರೇಟಿಗೆ ಕೊಡ್ತೀವಿ ಅಂತಾರೆ ಎಲ್ರೂ, ಎಷ್ಟು ಸ್ವಾಮಿ? ನಂಬರ್ ಹೇಳಿ!

ಸಬ್‌ಸ್ಕ್ರೈಬ್ ಮಾಡಿಲ್ದೋರು ಮಾಡ್ಕೊಳ್ಳಿ, ಅದಕ್ಕೆ ರಾಯಲ್ಟಿ ಇಲ್ಲ.

ಮೋಡೆಮ್ ಮಾಡ್ತಿದ್ದ ಹೇಯ್ಸ್ ಕಂಪನಿದು ಇನ್ನೂ ಮಜಾ. ಲೈನ್ ಕಟ್ ಮಾಡ್ದೆ ಮೋಡೆಮ್‌ಗೆ ಕಮಾಂಡ್ ಕೊಡ್ಬೇಕಾದ್ರೆ ಒಂದು ಸೆಕೆಂಡ್ ಸುಮ್ನಿರಿ, ಮೂರು ಪ್ಲಸ್ ಒತ್ತಿ, ಇನ್ನೊಂದು ಸೆಕೆಂಡ್ ಸುಮ್ನಿರಿ. ಆ ಸುಮ್ನಿರೋದಕ್ಕೆ ಪೇಟೆಂಟು! ಲೈಸೆನ್ಸ್ ದುಡ್ಡು ಯಾರ್ ಕೊಡ್ತಾರೆ ಅಂತ ಕೆಲವ್ರು ಆ ಗ್ಯಾಪೇ ತೆಗೆದ್ರು. ಆಮೇಲೆ ಯಾವನಾದ್ರೂ ತರ್ಲೆ ಮೂರು ಪ್ಲಸ್ ಜೊತೆ ಎಟಿಎಚ್ (ಫೋನ್ ಇಡು ಅನ್ನೋ ಕಮಾಂಡ್) ಸೇರ್ಸಿ, ಕಳ್ಸಿದ್ದನ್ನೇ ವಾಪಸ್ ತರ್ಸೋ ಪಿಂಗ್ ಅನ್ನೋ ಮೆಸೇಜ್ ಒಳಗಿಟ್ಟು ಕಳ್ಸಿದ್ರೆ, ಉತ್ತರ ವಾಪಸ್ ಹೋಗುವಾಗ ನಿಮ್ಮ ಮೋಡೆಮ್ ಅದನ್ನೇ ಕಮಾಂಡ್ ಅನ್ಕೊಂಡು ತಾನೇ ಫೋನ್ ಇಟ್ಬಿಡೋದು. ವಕೀಲರ ಜಗಳ, ನಿಮ್ಮ ಡೌನ್‌ಲೋಡ್ ಢಮಾರ್.

ಈಗ ಬರ್ತಾರೆ, ಮೊಬೈಲ್ ಚಿಪ್ ಮಾಡೋ ಕ್ವಾಲ್ಕಾಮ್ ಮೇಲೆ ಪೇಟೆಂಟ್ ಲೈಸೆನ್ಸ್ ವಿಚಾರಕ್ಕೆ ಅಮೆರಿಕ ಸರ್ಕಾರ ಹಾಕಿದ್ದ ಕೇಸಲ್ಲಿ 2020ರಲ್ಲಿ ಅಪೀಲ್ ಕೋರ್ಟು ಕಂಪನಿ ಪರ ಹೇಳ್ತು ಸಾರ್ ಅಂತ. ಹೇಳ್ಲಿ ಬಿಡಿ! ಕೋರ್ಟ್ ಹೇಳಿದ್ ಮಾತ್ರಕ್ಕೆ ನಾನ್ ಸುಮ್ನಾಗ್ಬೇಕಾ? ರೇಟ್ ಹೇಳಿ ಅಂದ್ರೆ ರಿಸರ್ಚ್ ಖರ್ಚು ಅಂತೀರಾ, ಸರಿ, ಆ ಖರ್ಚೇ ಹೇಳಿ, ಅದೂ ಹೇಳಲ್ಲ. ಮೊದ್ಲೇ ಹೇಳೋಕೇನ್ರೀ ರೋಗ? ಲಾಯರ್‌ಗಳು ಯಾರಾದ್ರೂ ನೋಡ್ತಿದ್ರೆ ಕಾಮೆಂಟಲ್ಲಿ ಬಯ್ರಿ, ಪಿನ್ ಮಾಡ್ತೀನಿ, ಆದ್ರೆ ಬಯ್ಯೋಕೆ ಫೀಸ್ ಎಷ್ಟು ಅಂತ ಮೊದ್ಲು ಹಾಕ್ಬಿಟ್ಟು ಶುರು ಮಾಡಿ.