ಕಣ್ಣಿಗೂ ಕೆನ್ನೆಗೂ ಒಂದೇ ರೆಟಿನಾಲ್

ನಮಸ್ಕಾರ ಕೇಳುಗರೇ.

ಸುಡುಬಿಸಿಲಿನಿಂದ ಬಂದು ಕತ್ತಲ ಕೋಣೆಗೆ ಕಾಲಿಟ್ಟರೆ ಮೊದಲು ಏನೂ ಕಾಣಿಸುವುದಿಲ್ಲ, ಅಲ್ವಾ? ಬಾಗಿಲಲ್ಲೇ ನಿಂತು ತಡಕಾಡುತ್ತೇವೆ. ಸ್ವಲ್ಪ ಹೊತ್ತು ಕಳೆದ ಮೇಲೆ ಕುರ್ಚಿಯ ಕಾಲು, ಮಂಚದ ಅಂಚು, ಗೂಟಕ್ಕೆ ನೇತುಹಾಕಿದ ಅಂಗಿ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಆ ಹೊತ್ತಿನಲ್ಲಿ ಕಣ್ಣೊಳಗೆ ದುಡಿಯುತ್ತಿರುವುದು ರೆಟಿನಾಲ್. ಹೌದು, ಮುಖದ ಕ್ರೀಮಿನ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದೇ.

ರೆಟಿನಾಲ್ ಅಂದರೆ ಎ ವಿಟಮಿನ್ನಿನ ಒಂದು ರೂಪ. ಕಣ್ಣಿನ ಹಿಂಬದಿಯ ಪರದೆಗೆ ರೆಟಿನಾ ಅನ್ನುತ್ತೇವೆ. ಹೆಸರು ಬಂದದ್ದು ಅಲ್ಲಿಂದಲೇ. ಆ ಪರದೆಯಲ್ಲಿ ಅದು ರೆಟಿನಲ್ ಎಂಬ ಇನ್ನೊಂದು ರೂಪ ತಾಳಿ, ಒಂದು ಪ್ರೋಟೀನಿಗೆ ಅಂಟಿಕೊಂಡು ಕೂತಿರುತ್ತದೆ. ಬೆಳಕು ತಾಗಿದೊಡನೆ, ಬಾಗಿಕೊಂಡಿದ್ದ ಅದರ ಅಣು ನೆಟ್ಟಗಾಗುತ್ತದೆ. ನೋಟ ಶುರುವಾಗುವುದು ಅಲ್ಲಿಂದ. ಅದು ಮತ್ತೆ ಬಾಗಿ ತನ್ನ ಜಾಗಕ್ಕೆ ಮರಳಲು ಹೊತ್ತು ಬೇಕು. ಕತ್ತಲಲ್ಲಿ ನಾವು ಕಾಯುವುದು ಬಹುಮಟ್ಟಿಗೆ ಅದಕ್ಕೇ. ಇದನ್ನು ಬಿಡಿಸಿ ತೋರಿಸಿದ ವಿಜ್ಞಾನಿ ಜಾರ್ಜ್ ವಾಲ್ಡ್ ಅವರಿಗೆ 1967ರಲ್ಲಿ ನೊಬೆಲ್ ಬಂತು.

ಎ ವಿಟಮಿನ್ ಸಾಲದೆ ಹೋದರೆ ಮೊದಲು ಇರುಳುಗುರುಡು ಬರುತ್ತದೆ. ಸಂಜೆಯಾಗುತ್ತಲೇ ಮಗು ಎಡವುತ್ತದೆ, ಆಡುವುದನ್ನು ಬಿಟ್ಟು ಸುಮ್ನೆ ಕೂರುತ್ತದೆ. ದಯವಿಟ್ಟು ಇದನ್ನು ಹಟ ಅಂದುಕೊಳ್ಳಬೇಡಿ. ಕೊರತೆ ಹೀಗೇ ಮುಂದುವರಿದರೆ ಕಣ್ಣು ಒಣಗಿ, ಕರಿಗುಡ್ಡೆಯ ಮೇಲಿನ ಪೊರೆ ಹುಣ್ಣಾಗಿ, ದೃಷ್ಟಿಯೇ ಹೋಗಬಹುದು. ಮೊಟ್ಟೆಯ ಹಳದಿ, ಬೆಣ್ಣೆ, ಯಕೃತ್ತಿನಲ್ಲಿ ರೆಟಿನಾಲ್ ಸಿದ್ಧವಾಗಿ ಸಿಗುತ್ತದೆ. ಕ್ಯಾರೆಟ್, ಸೊಪ್ಪಿನಲ್ಲಿರುವ ಬೀಟಾ ಕ್ಯಾರೋಟಿನ್‌ನಿಂದ ಮೈಯೇ ಅದನ್ನು ಮಾಡಿಕೊಳ್ಳುತ್ತದೆ. ಜೊತೆಗೆ ಸ್ವಲ್ಪ ಎಣ್ಣೆಯೋ ತುಪ್ಪವೋ ಇದ್ದರೆ ಚೆನ್ನಾಗಿ ಹಿಡಿಯುತ್ತದೆ.

ಈಗ ಚರ್ಮದ ಮಾತು. ಹಚ್ಚಿದ ರೆಟಿನಾಲನ್ನು ಚರ್ಮ ಎರಡು ಹಂತದಲ್ಲಿ ರೆಟಿನೊಯಿಕ್ ಆಮ್ಲವಾಗಿ ಬದಲಿಸುತ್ತದೆ. ಕೆಲಸ ಮಾಡುವುದು ಆ ಆಮ್ಲ. ಹಳೆಯ ಕೋಶಗಳು ಬೇಗ ಉದುರಿ ಹೊಸವು ಮೇಲೆ ಬರುತ್ತವೆ, ರಂಧ್ರ ಕಟ್ಟಿಕೊಳ್ಳುವುದು ತಗ್ಗುತ್ತದೆ, ಒಳಗೆ ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಂಬ ಪ್ರೋಟೀನು ಕೂಡುತ್ತದೆ. ಮೊಡವೆಗೂ ಸಣ್ಣ ಸುಕ್ಕಿಗೂ ಇದನ್ನು ಹಚ್ಚುವುದು ಇದಕ್ಕೇ. ವೈದ್ಯರು ಬರೆದುಕೊಡುವ ಟ್ರೆಟಿನಾಯಿನ್ ಮೊದಲೇ ಆಮ್ಲದ ರೂಪದಲ್ಲಿರುತ್ತದೆ, ಹಾಗಾಗಿ ಅದರ ಜೋರು ಜಾಸ್ತಿ.

ಅವಸರ ಮಾತ್ರ ಬೇಡ. ನಾನು ಮೊದಲ ವಾರವೇ ದಿನಾ ರಾತ್ರಿ ಹಚ್ಚಿದ್ದೆ. ಐದನೇ ದಿನ ಮೂಗಿನ ಪಕ್ಕ ಚರ್ಮ ಸುಲಿದು, ಬರೀ ನೀರು ತಾಗಿದರೂ ಉರಿಯುತ್ತಿತ್ತು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ಹಚ್ಚಿ. ಮೊದಮೊದಲು ವಾರಕ್ಕೆ ಎರಡು ಸಲ. ಬೆಳಿಗ್ಗೆ ಸನ್‌ಸ್ಕ್ರೀನ್ ತಪ್ಪಿಸಬೇಡಿ. ಗುಣ ಕಾಣಲು ಮೂರು ತಿಂಗಳಾದರೂ ಬೇಕು.

ಬಸುರಿಯರು, ಬಸಿರಾಗಬೇಕೆಂದು ಇರುವವರು ಈ ಕ್ರೀಮುಗಳಿಂದ ದೂರ ಇರಬೇಕು. ಮಾತ್ರೆಯ ವಿಷಯದಲ್ಲಂತೂ ಎಲ್ಲರೂ ಹುಷಾರಾಗಿರಬೇಕು. ಸಿ ವಿಟಮಿನ್ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ರೆಟಿನಾಲ್ ಹಾಗಲ್ಲ, ಯಕೃತ್ತಿನಲ್ಲಿ ಕೂಡಿಕೊಳ್ಳುತ್ತದೆ. ಬೆಳೆದವರಿಗೆ ದಿನಕ್ಕೆ 700ರಿಂದ 900 ಮೈಕ್ರೋಗ್ರಾಂ ಸಾಕಾಗುತ್ತದೆ. ದಿನವೂ 3,000 ದಾಟುತ್ತಿದ್ದರೆ ಯಕೃತ್ತಿಗೆ ಪೆಟ್ಟು, ಗರ್ಭದ ಮಗುವಿಗೆ ಅಪಾಯ.

ಇನ್ನೊಂದು ಮಾತು. ಕಣ್ಣಲ್ಲಿ ಬೆಳಕಿಗಾಗಿ ದುಡಿಯುವ ಈ ವಸ್ತು ಬಾಟಲಿಯಲ್ಲಿ ಬೆಳಕು ತಾಗಿದರೆ ಕೆಡುತ್ತದೆ, ಗಾಳಿ ತಾಗಿದರೂ ಅಷ್ಟೇ. ಬಿರಡೆ ಬಿಗಿ ಮಾಡಿ, ಕಿಟಕಿಯ ಬಳಿಯಿಂದ ತೆಗೆದು ಕಪಾಟಿನೊಳಗೆ ಇಡಿ.

ನಮಸ್ಕಾರ.